ಹದಿನಾಲ್ಕರ ಮುಂದೆ

ಅಕ್ಷರ ನನಗೆ ಬಾರದು. ಅಂಕಿ ಬರುತ್ತದೆ.
ಬ್ರೆಶಿಯಾದ ಕಮ್ಮಾರಗೇರಿಯಲ್ಲಿ ಉಕ್ಕು ತಣ್ಣಗಾಗಿ,
ಹಿಡಿ ಕೂತು, ಎಣ್ಣೆ ಸವರಿಸಿಕೊಂಡು
ಕೊನೆಗೆ ಬರುವುದು ನನ್ನ ಮೊಣಕಾಲ ಮೇಲಕ್ಕೆ:
ಮೂರು ಮೂಲೆಯ ಸಣಕಲು ಅಲಗು.
ಈರುಳ್ಳಿ ಹೆಚ್ಚಲು ಬಾರದು, ರೊಟ್ಟಿ ಕೊಯ್ಯಲು ಬಾರದು,
ಹಗ್ಗ ಕೂಡ ಕತ್ತರಿಸದು.
ತುದಿಯೊಂದು ಬಿಟ್ಟರೆ ಅದರಲ್ಲಿ ಏನೂ ಇಲ್ಲ.

ಸ್ಟಿಲೆಟ್ಟೊ ಎನ್ನುತ್ತೇವೆ. ಯಾಕೆ ಎಂದು ಕೇಳಿದವನಲ್ಲ ನಾನು;
ಸುತ್ತಿಗೆಯನ್ನು ಸುತ್ತಿಗೆ ಎಂದವರನ್ನು ಯಾರು ಕೇಳುತ್ತಾರೆ?
ಕರಾರುಪತ್ರ ಬರೆಯುವ ಮೆಸ್ಸೆರ್ ಅಲ್ವೀಸೆ
ಒಂದು ಸಂಜೆ ಚಳಿ ಕಾಯಿಸಲು ಬಂದವನು ತಾನಾಗೇ ಹೇಳಿದ:
ಹಿಂದೆ ರೋಮಿನ ಮಕ್ಕಳು ಮೇಣದ ಹಲಗೆಯ ಮೇಲೆ
ಕಂಟದಿಂದ ಗೀಚಿ ಕಲಿಯುತ್ತಿದ್ದರಂತೆ,
ಸ್ಟಿಲುಸ್ ಅಂತ ಆ ಕಂಟದ ಹೆಸರಂತೆ.
ಒಂದು ತುದಿ ಚೂಪು. ಇನ್ನೊಂದು ಚಪ್ಪಟೆ,
ತಪ್ಪಿದರೆ ಮೇಣ ಉಜ್ಜಿ ಅಳಿಸುವುದಕ್ಕೆ.
'ನಿನ್ನ ಕೈಲಿರುವುದು ಅದರ ಮರಿ, ಬೋರ್ತೊಲೊ.
ಎಟ್ಟೊ ಅಂದರೆ ಮುದ್ದಿಗೆ ಅನ್ನುವುದಲ್ಲವೇ?
ಪುಟ್ಟ ಲೇಖನಿ.'
ನಗಬೇಕೆಂದು ತಿಳಿಯಿತು, ನಕ್ಕೆ.
ಅವನು ಹೋದ ಮೇಲೆ ಅಲಗನ್ನು ಹಿಂದೆ ಮುಂದೆ ತಿರುಗಿಸಿದೆ.
ಅಳಿಸುವ ತುದಿ ಕಾಣಲಿಲ್ಲ.

ಊರೊಳಗೆ ಇದನ್ನು ಸೊಂಟದಲ್ಲಿ ಸಿಕ್ಕಿಸಿ ಸಿಕ್ಕಿಬಿದ್ದರೆ
ವೆನಿಸ್ಸಿನ ಹಡಗಿಗೆ ಕಟ್ಟುತ್ತಾರೆ, ಹುಟ್ಟು ಹಾಕು ಅಂತ.
ಫಿರಂಗಿಯವರಿಗೆ ಮಾತ್ರ ಮಾಫಿ.
ಅವರಿಗಿದು ಆಯುಧವಲ್ಲ, ಅಳತೆಗೋಲು:
ಫಿರಂಗಿಯ ಬಾಯಿಗೆ ಅಡ್ಡ ಹಿಡಿದು
ಗುಂಡಿನ ತೂಕ ಓದುತ್ತಾರೆ.
ಒಂದು, ಮೂರು, ಆರು, ಒಂಬತ್ತು, ಹನ್ನೆರಡು,
ಹದಿನಾಲ್ಕು, ಹದಿನಾರು, ಇಪ್ಪತ್ತು —
ಆ ಗೆರೆ, ಆ ಅಂಕಿ ಕೊರೆಯುವವನು ನಾನು.
ಇಪ್ಪತ್ತೆರಡು ವರ್ಷ. ಒಂದು ಗೆರೆ ವಾಲಿದ್ದಿಲ್ಲ.

ಲತ್ತಾನ್ಸಿಯೊ ಬಂದದ್ದು ದೀಪ ಹಚ್ಚುವ ಹೊತ್ತಿಗೆ.
ಕೈಗವಸು ಬಿಚ್ಚದೆ ಬೋಳು ಅಲಗನ್ನು ಮುಂದಿಟ್ಟ.
ಫಿರಂಗಿ ನೋಡಿದ ಕೈಯಲ್ಲ, ಉಗುರಲ್ಲಿ ಮಸಿಯಿಲ್ಲ.
'ಅಂಕಿ ಹಾಕು' ಎಂದ. ದುಡ್ಡು ಹೆಚ್ಚಿಗೇ ಇತ್ತು.
ಒಲ್ಲೆ ಎನ್ನಬಹುದಿತ್ತು. ಮನೆಯಲ್ಲಿ ಹಿಟ್ಟಿರಲಿಲ್ಲ ಎಂದು
ಈಗ ಹೇಳಬಹುದು; ಇತ್ತು, ಅರ್ಧ ಚೀಲ.

ರಾತ್ರಿ ಕೊರೆಯುತ್ತ ಹೋದೆ.
ಹದಿನಾಲ್ಕಾಯಿತು. ಉಳಿ ನಿಂತಿತು.
ಮುಂದೆ ಹದಿನಾರು ಬರಬೇಕು.
ಹದಿನೈದು ಕೊರೆದೆ.
ಬಾಗಿಲಲ್ಲಿ ಯಾರಾದರೂ ಬಲ್ಲವನು ನೋಡಿದರೆ
ಸುಳ್ಳು ಅಲ್ಲೇ ಬಯಲಾಗಲಿ ಅಂತ.
ನನ್ನ ಧೈರ್ಯ ಅಷ್ಟೇ ಇತ್ತು, ಒಂದು ಅಂಕಿಯಷ್ಟು.

ಸಾನ್ ನಜಾರೊ ಬಾಗಿಲಲ್ಲಿ ಕಾವಲಿನವನು ತಡೆದನಂತೆ.
ಪಂಜಿನ ಬೆಳಕಿಗೆ ಹಿಡಿದನಂತೆ.
ಬೆರಳು ಹೋಗಿ ಕೂತದ್ದು ಅಲ್ಲಿಗೇ:
ಹದಿನಾಲ್ಕು, ಹದಿನೈದು.
ಅವನಿಗೆ ಸಂತೆಯ ಎಣಿಕೆ ಗೊತ್ತಿತ್ತು, ಫಿರಂಗಿಯದಲ್ಲ.
ಸರಿಯಾಗಿದೆ, ಹೋಗು, ಎಂದನಂತೆ.

ಮೇಣದಬತ್ತಿಯ ತಿಬೂರ್ಸಿಯೊ ಅಂಗಡಿ ಮುಚ್ಚುತ್ತಿದ್ದ.
ಅವನಿಗೆ ಬರಬೇಕಾದ ಬಾಕಿ ಎಷ್ಟಿತ್ತೋ, ನಾನರಿಯೆ.
ಗಾಯ ಹುಡುಕಲು ಅಂಗಿಯನ್ನು
ಎರಡು ಸಲ ಮಗುಚಿ ನೋಡಬೇಕಾಯಿತಂತೆ;
ರಕ್ತ ಹೊರಗೆ ಬಂದಿರಲಿಲ್ಲ.

ಕಟ್ಟೆಯ ಮುಂದೆ ನನ್ನನ್ನು ನಿಲ್ಲಿಸಿದರು.
ಅಲಗು ಮೇಜಿನ ಮೇಲೆ, ತೊಳೆದಿಟ್ಟಿದ್ದರು.
'ಈ ಬರಹ ನಿನ್ನದೇ?'
'ಓದುಬರಹ ಬಾರದವನು, ಸ್ವಾಮಿ.'
ಅದು ನಿಜ. ಬರೆದುಕೊಳ್ಳಲು ಕೂತವನು ಅಲ್ವೀಸೆ.
ನನ್ನ ಒಲೆಯ ಬೆಂಕಿ ಕಾಯಿಸಿಕೊಂಡವನು,
ನನ್ನ ಅಂಕಿಗಳನ್ನು ಬಲ್ಲವನು.
ಲೇಖನಿ ಮಸಿಯಲ್ಲಿ ಅದ್ದಿಕೊಂಡೇ ಇತ್ತು ಬಹಳ ಹೊತ್ತು.
ಆಮೇಲೆ ಬರೆದ. ತಲೆಯೆತ್ತಲಿಲ್ಲ.

ಈಗಲೂ ಅಲಗುಗಳು ಬರುತ್ತವೆ.
ಹನ್ನೆರಡರ ತನಕ ಕೈ ತಾನೇ ನಡೆಯುತ್ತದೆ.
ಹದಿನಾಲ್ಕು ಮುಗಿದಾಗ
ಹೆಂಡತಿ ಒಳಗಿನಿಂದ ಕೇಳುತ್ತಾಳೆ,
ಯಾಕೆ, ಸದ್ದು ನಿಂತಿತಲ್ಲ?